ಮಳೆ ಹಿಡಿಯುವ ಮುಂಚೆ ಹಾವಿನ ತಯಾರಿ: ತೋಟದ ಮನೆ, ಹಳ್ಳಿ ಮನೆಯವರಿಗೆ

ಹಾವು ಕಡಿದಾಗ ವಿಷ ಇಳಿಸುವ ಔಷಧಿ ಇರುವುದು ಒಂದೇ. ಅದು ಆಸ್ಪತ್ರೆಯಲ್ಲಿದೆ. ಕಡಿದ ಹೊತ್ತಿಗೂ ಆ ಚುಚ್ಚುಮದ್ದು ಮೈಗೆ ಸೇರುವ ಹೊತ್ತಿಗೂ ನಡುವೆ ಎಷ್ಟು ಸಮಯ ಹೋಯಿತು ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಆ ಸಮಯ ಉಳಿಸುವ ಕೆಲಸ ಶುರುವಾಗುವುದು ಹಾವು ಕಡಿದ ಮೇಲಲ್ಲ. ಮೇ ತಿಂಗಳಲ್ಲಿ, ಮನೆಯ ಹೆಂಚು ಸರಿ ಮಾಡಿಸಿ ಸೌದೆ ಒಳಗೆ ಹಾಕುವಾಗಲೇ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಲಗಳಿಗೆ ನೀರು ನುಗ್ಗುತ್ತದೆ, ಕಪ್ಪೆ ಇಲಿ ಜಾಸ್ತಿಯಾಗುತ್ತವೆ, ಗದ್ದೆ ಕೆಲಸವೂ ಅದೇ ಹೊತ್ತಿಗೆ ಬರುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ. ಆದರೆ ನಿಮ್ಮ ಮನೆ ಅಂಗಳದಲ್ಲಿ ಮಾಡಬೇಕಾದ್ದನ್ನು ನೀವೇ ಮಾಡಬೇಕು.

ಮೊದಲ ಕೆಲಸ: ಆಸ್ಪತ್ರೆ ನೋಡಿಟ್ಟುಕೊಳ್ಳಿ

ಮನೆ ಸುತ್ತ ಚೊಕ್ಕಟ ಮಾಡುವುದು ಆಮೇಲೆ. ಮೊದಲು ಫೋನ್ ತೆಗೆದುಕೊಳ್ಳಿ, ಇಲ್ಲವೇ ಸಂತೆಗೆ ಹೋದಾಗ ಆಸ್ಪತ್ರೆಗೂ ಒಂದು ಹೆಜ್ಜೆ ಹೋಗಿ ಬನ್ನಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಮೂರರಲ್ಲೂ ವಿಚಾರಿಸಿ. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದಿಗೆ ಆಸ್ಪತ್ರೆಯವರು ‘ಎಎಸ್‌ವಿ’ ಅನ್ನುತ್ತಾರೆ. ಅದೇ ಹೆಸರು ಹೇಳಿ ಕೇಳಿ. ಈಗ ಸ್ಟಾಕ್ ಇದೆಯಾ? ಕನಿಷ್ಠ ಹತ್ತು ಬಾಟಲಿ ಇದೆಯಾ? ರಾತ್ರಿ ಡಾಕ್ಟರ್ ಇರುತ್ತಾರಾ? ವೆಂಟಿಲೇಟರ್ ಎಲ್ಲಿದೆ? ಡಯಾಲಿಸಿಸ್ ಎಲ್ಲಿದೆ?

ಹತ್ತು ಬಾಟಲಿ ಅಂತ ಯಾಕೆ ಹೇಳಿದೆ ಅಂದರೆ, ವಿಷ ಏರಿದ ಲಕ್ಷಣ ಇದ್ದವರಿಗೆ ಸಾಮಾನ್ಯವಾಗಿ ಮೊದಲ ಸುತ್ತಿಗೇ ಎಂಟರಿಂದ ಹತ್ತು ಬಾಟಲಿ ಬೇಕಾಗುತ್ತದೆ. ಎರಡು ಬಾಟಲಿ ಇಟ್ಟುಕೊಂಡ ಕಡೆಯಿಂದ ಮತ್ತೆ ಮುಂದಕ್ಕೆ ಓಡಬೇಕಾಗುತ್ತದೆ. ದೊಡ್ಡವರಿಗೂ ಮಕ್ಕಳಿಗೂ ಪ್ರಮಾಣ ಒಂದೇ. ಹಾವು ಬಿಡುವ ವಿಷ ಕಡಿಸಿಕೊಂಡವರ ವಯಸ್ಸು ನೋಡಿ ಕಮ್ಮಿಯಾಗುವುದಿಲ್ಲವಲ್ಲ.

ಆಮೇಲೆ ದಾರಿ. ಬೇಸಿಗೆಯಲ್ಲಿ ಅರ್ಧ ಗಂಟೆಯ ದಾರಿ ಮಳೆಗಾಲದಲ್ಲೂ ಅರ್ಧ ಗಂಟೆಯೇ ಆಗಿರುತ್ತದೆ ಅಂದುಕೊಳ್ಳಬೇಡಿ. ಸಂಕ ಮುಳುಗಿದರೆ, ಧರೆ ಕುಸಿದರೆ ಬೇರೆ ದಾರಿ ಯಾವುದು? ಕೇರಿಯಲ್ಲಿ ಯಾರ ಹತ್ತಿರ ಕಾರು ಅಥವಾ ಜೀಪು ಇದೆ, ನಡುರಾತ್ರಿ ಕರೆದರೆ ಯಾರು ಏಳುತ್ತಾರೆ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕರೆಂಟ್ ಹೋದ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಗುಡ್ಡದ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಅನ್ನುವುದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಆಂಬುಲೆನ್ಸ್ 108, ತುರ್ತು ಸಹಾಯ 112, ಅರಣ್ಯ ಇಲಾಖೆ 1926, ಆಸ್ಪತ್ರೆ ನಂಬರು, ಗಾಡಿ ಇರುವವರ ನಂಬರು, ಊರಿನಲ್ಲಿ ಹಾವು ಹಿಡಿಯುವವರ ನಂಬರು. ಮೊಬೈಲ್‌ನಲ್ಲಿ ಇದೆಯಲ್ಲ ಅನ್ನಬೇಡಿ. ಕಡಿಸಿಕೊಂಡವರ ಮೊಬೈಲಿನ ಲಾಕ್ ಯಾರು ತೆಗೆಯುತ್ತಾರೆ?

ಯಾವ ಹಾವುಗಳ ಬಗ್ಗೆ ಮಾತಾಡುತ್ತಿದ್ದೇವೆ

ನಮ್ಮಲ್ಲಿ ಹೆಚ್ಚು ಜೀವ ತೆಗೆಯುವುದು ನಾಲ್ಕು ಜಾತಿ. ಎಎಸ್‌ವಿ ತಯಾರಾಗುವುದೂ ಈ ನಾಲ್ಕರ ವಿಷ ಬಳಸಿಯೇ.

ನಾಗರಹಾವು ಎಲ್ಲರಿಗೂ ಗೊತ್ತು. ಹೆಡೆ ಎತ್ತಿ ಎಚ್ಚರಿಸುತ್ತದೆ, ದಾರಿ ಬಿಟ್ಟರೆ ಹೋಗುತ್ತದೆ.

ಕೊಳಕುಮಂಡಲ ಹಾಗಲ್ಲ. ದಪ್ಪ ಮೈ, ಬೆನ್ನ ಮೇಲೆ ಸರಪಣಿಯಂತೆ ಸಾಲಾಗಿ ಕಂದು ಮಚ್ಚೆ. ಕರಾವಳಿ ಕಡೆ ಕನ್ನಡಿ ಹಾವು ಅನ್ನುವುದೂ ಉಂಟು. ಹತ್ತಿರ ಹೋದರೆ ಕುಕ್ಕರ್ ಆವಿ ಬಿಟ್ಟ ಹಾಗೆ ಜೋರಾಗಿ ಬುಸುಗುಟ್ಟುತ್ತದೆ, ಆದರೆ ಜಾಗ ಬಿಟ್ಟು ಕದಲುವುದು ಕಮ್ಮಿ. ಇಲಿ ಇರುವ ಗದ್ದೆ, ಹೊಲ, ಬದು ಅದಕ್ಕೆ ಇಷ್ಟ. ಹೆಬ್ಬಾವಿನ ಮರಿ ಅಂತ ತಿಳಿದು ಕೈಯಲ್ಲಿ ಹಿಡಿದು ಕಡಿಸಿಕೊಂಡವರಿದ್ದಾರೆ. ಮರಿಯೋ ದೊಡ್ಡದೋ, ಗೊತ್ತಿಲ್ಲದ್ದನ್ನು ಮುಟ್ಟಬೇಡಿ.

ಗರಗಸ ಮಂಡಲ ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಒಣಭೂಮಿ, ಕಲ್ಲು, ಕುರುಚಲು ಇರುವ ಕಡೆ ಜಾಸ್ತಿ. ಮೈ ಸುರುಳಿ ಮಾಡಿ ಮೈಮೇಲಿನ ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ ಗರಗರ ಸದ್ದು ಮಾಡುತ್ತದೆ.

ನನ್ನ ಪ್ರಕಾರ ಹಳ್ಳಿ ಮನೆಯವರು ಹೆಚ್ಚು ತಿಳಿದುಕೊಳ್ಳಬೇಕಾದ್ದು ನಾಲ್ಕನೆಯದರ ಬಗ್ಗೆ. ಅದು ಕಟ್ಟುಹಾವು, ಕೆಲವು ಕಡೆ ಕಡಂಬಳ. ಹೊಳೆಯುವ ಕಪ್ಪು ಮೈ, ಬಿಳಿ ಪಟ್ಟೆ. ಹಗಲು ಎಲ್ಲೋ ಮುದುಡಿಕೊಂಡಿರುತ್ತದೆ, ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರ ಹಾಸಿಗೆಗೇ ಬರುವುದುಂಟು. ಇದು ಕಡಿದರೆ ನೋವು ಅಷ್ಟಾಗಿ ಆಗುವುದಿಲ್ಲ, ಬಾವು ಇಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಇರುವೆಯೋ ಸೊಳ್ಳೆಯೋ ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ. ರಾತ್ರಿ ಚೆನ್ನಾಗಿ ಮಲಗಿದವರಿಗೆ ಬೆಳಗಾಗುವಷ್ಟರಲ್ಲಿ ಕಾರಣವಿಲ್ಲದೆ ಹೊಟ್ಟೆನೋವು ಬಂದು, ಕಣ್ಣು ಜೋತು ಬಿದ್ದು, ಮಾತು ತೊದಲಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಬೇಡಿ. ಹಾವು ಕಂಡಿರಲಿ ಬಿಡಲಿ, ಆಸ್ಪತ್ರೆಗೆ ಹೊರಡಿ. ಡಾಕ್ಟರಿಗೆ ‘ನೆಲದ ಮೇಲೆ ಮಲಗಿದ್ದರು’ ಅಂತ ತಪ್ಪದೆ ಹೇಳಿ.

ಕಟ್ಟುಹಾವಿನ ವೇಷದಲ್ಲಿ ತೋಳದ ಹಾವು ಅನ್ನುವ ವಿಷವಿಲ್ಲದ ಹಾವೂ ಇದೆ. ಅದರ ಪಟ್ಟೆ ಕುತ್ತಿಗೆ ಕಡೆ ದಟ್ಟವಾಗಿದ್ದು ಬಾಲದ ಕಡೆ ಮಸುಕಾಗುತ್ತದೆ. ಕಟ್ಟುಹಾವಿನದು ತಲೆಯ ಹತ್ತಿರ ಮಸುಕು ಅಥವಾ ಇಲ್ಲವೇ ಇಲ್ಲ, ಬಾಲದ ಕಡೆ ಸ್ಪಷ್ಟ. ಇದು ತಿಳಿದಿರಲಿ ಅಂತ ಹೇಳಿದ್ದು. ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಪಟ್ಟೆ ಎಣಿಸಿ ‘ಇದು ತೋಳದ ಹಾವೇ’ ಅಂತ ತೀರ್ಮಾನ ಮಾಡುವುದಕ್ಕಲ್ಲ.

ಘಟ್ಟದ ಕಾಫಿ, ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಒಣ ಎಲೆಯ ಬಣ್ಣದ, ಮೂಗಿನ ತುದಿ ಮೇಲಕ್ಕೆ ಚೂಪಾಗಿ ಎದ್ದಿರುವ ಸಣ್ಣ ಮಂಡಲವೊಂದು ತರಗೆಲೆಯಲ್ಲಿ ಇರುತ್ತದೆ. ಈಗಿನ ಎಎಸ್‌ವಿ ಅದರ ವಿಷಕ್ಕೆ ಕೆಲಸ ಮಾಡುವುದಿಲ್ಲ. ಅದು ಕಡಿದರೂ ಆಸ್ಪತ್ರೆಗೆ ಹೋಗಲೇಬೇಕು. ರಕ್ತ, ಕಿಡ್ನಿ ನೋಡಿಕೊಳ್ಳುವ ಚಿಕಿತ್ಸೆ ಅಲ್ಲಿ ಬೇರೆ ಇದೆ.

ಮನೆ ಸುತ್ತ

ಹಾವು ಮನೆ ಹುಡುಕಿಕೊಂಡು ಬರುವುದಿಲ್ಲ. ಇಲಿ, ಕಪ್ಪೆ, ಹಲ್ಲಿ ಹುಡುಕಿಕೊಂಡು ಬರುತ್ತದೆ, ಜತೆಗೆ ಬೆಚ್ಚಗಿನ ಸಂದಿ. ಹಾಗಾಗಿ ಕಾಳುಕಡಿ ಮುಚ್ಚಳ ಇರುವ ಡ್ರಮ್ಮಿನಲ್ಲಿ ಇಡಿ. ಕೋಳಿ ಗೂಡು ಮನೆ ಗೋಡೆಗೆ ಅಂಟಿಕೊಂಡಿದ್ದರೆ ದೂರ ಮಾಡಿ. ಗೂಡಿನ ಕೆಳಗೆ ಚೆಲ್ಲಿದ ಕಾಳಿಗೆ ಇಲಿ, ಇಲಿಗೆ ಹಾವು.

ಸೌದೆ ರಾಶಿ, ತೆಂಗಿನ ಗರಿ, ಉಳಿದ ಹೆಂಚು, ಮನೆ ಕಟ್ಟಿದಾಗ ಮಿಕ್ಕ ಇಟ್ಟಿಗೆ. ಇವು ಯಾವತ್ತೂ ಹಿತ್ತಿಲ ಬಾಗಿಲ ಪಕ್ಕದಲ್ಲೇ ಇರುತ್ತವೆ, ಅಲ್ವಾ? ಅದೇ ತೊಂದರೆ. ಸೌದೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಅಟ್ಟಣಿಗೆ ಮೇಲೆ, ಗೋಡೆಯಿಂದ ದೂರ ಜೋಡಿಸಿ. ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಕೈ ಹಾಕಿ. ಬೆರಣಿ ರಾಶಿಗೂ ಇದೇ ಮಾತು.

ಬಚ್ಚಲ ನೀರು ಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ಒಂದು ಬೆರಳು ತೂರುವಷ್ಟು ಜಾಗ ಇದ್ದರೂ ಮರಿ ನುಗ್ಗುತ್ತದೆ. ಕಿಟಕಿಗೆ ಹಬ್ಬಿದ ಮಲ್ಲಿಗೆ ಬಳ್ಳಿ, ಸೂರಿಗೆ ತಾಗುವ ಕೊಂಬೆ ಕತ್ತರಿಸಿ. ಚಪ್ಪಲಿ, ಶೂ, ಹೆಲ್ಮೆಟ್ಟನ್ನು ಕೊಡವಿ ಹಾಕಿಕೊಳ್ಳುವುದು ಅಭ್ಯಾಸವಾಗಲಿ. ಇದು ಹಳ್ಳಿಗೆ ಮಾತ್ರವಲ್ಲ. ಬೆಂಗಳೂರಿನ ಹೊರವಲಯದಲ್ಲಿ ಪಕ್ಕದ ಖಾಲಿ ಸೈಟಿನಲ್ಲಿ ಗಿಡಗಂಟಿ ಬೆಳೆದ ಎಲ್ಲ ಮನೆಗೂ ಸಲ್ಲುತ್ತದೆ.

ಬೆಳ್ಳುಳ್ಳಿ ನೀರು, ಸೀಮೆಎಣ್ಣೆ, ಫಿನಾಯಿಲ್, ಕಾರ್ಬಾಲಿಕ್ ಆಸಿಡ್, ಆನ್‌ಲೈನಿನಲ್ಲಿ ಸಿಗುವ ಹಾವು ಓಡಿಸುವ ಪುಡಿ: ಇವುಗಳನ್ನು ನಂಬಿ ದುಡ್ಡು ಹಾಕಬೇಡಿ. ಆಸಿಡ್ ಅಂತೂ ಮಕ್ಕಳಿರುವ ಮನೆಯಲ್ಲಿ ಹಾವಿಗಿಂತ ಕೆಟ್ಟದ್ದು. ಅದೇ ದುಡ್ಡಿಗೆ ಒಳ್ಳೆಯ ಬ್ಯಾಟರಿ ತೆಗೆದುಕೊಳ್ಳಿ.

ರಾತ್ರಿ ಮತ್ತು ತೋಟ

ಮಂಚ ಇದ್ದರೆ ಮಂಚದ ಮೇಲೆ ಮಲಗಿ. ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸಿಕ್ಕಿಸಿ. ಸುಮ್ನೆ ಇಳಿಬಿಟ್ಟರೆ ಪ್ರಯೋಜನವಿಲ್ಲ. ಕಟ್ಟುಹಾವಿನಿಂದ ಕಾಪಾಡಿಕೊಳ್ಳಲು ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ತೋಟದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಉಳಿದುಕೊಂಡವರಿಗೂ ಮಂಚ, ಪರದೆ ಕೊಡಿಸಿ. ಮಾಲೀಕರು ಮಂಚದ ಮೇಲೆ, ಕೆಲಸದವರು ಗೋಣಿಚೀಲದ ಮೇಲೆ ಅನ್ನುವ ಏರ್ಪಾಡು ಇನ್ನೂ ಎಷ್ಟೋ ಕಡೆ ಇದೆ.

ರಾತ್ರಿ ಎದ್ದು ಹೊರಗೆ ಹೋಗುವಾಗ ಬ್ಯಾಟರಿ ಹಾಕಿ, ಚಪ್ಪಲಿ ಮೆಟ್ಟಿ, ನೆಲ ನೋಡಿಕೊಂಡು ಹೆಜ್ಜೆ ಇಡಿ. ಪಂಪ್‌ಸೆಟ್ ಚಾಲೂ ಮಾಡಲು ನಡುರಾತ್ರಿ ಹೊಲಕ್ಕೆ ಹೋಗುವವರಿಗೆ ಗಂಬೂಟ್ ಮತ್ತು ಕೋಲು ಬೇಕೇ ಬೇಕು. ಕೋಲಿನಿಂದ ನೆಲ ಕುಟ್ಟುತ್ತಾ ನಡೆಯಿರಿ. ಹಾವಿಗೆ ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಯೊಳಗೆ ನೋಡದೆ ಕೈ ಹಾಕಬೇಡಿ.

ಕೊಯ್ಲು, ಕಳೆ ಕೀಳುವುದು, ಅಡಿಕೆ ಹೆಕ್ಕುವುದು, ಹುಲ್ಲು ಕೊಯ್ಯುವುದರಲ್ಲಿ ಕಾಲಿಗಿಂತ ಕೈ ಮುಂದೆ ಹೋಗುತ್ತದೆ. ಒಂದು ಸಣ್ಣ ಕೊಕ್ಕೆ ಕೋಲು ಜತೆಗಿರಲಿ. ಹುಲ್ಲು, ಸೋಗೆ ಸರಿಸುವುದಕ್ಕೆ ಅದು, ಎತ್ತುವುದಕ್ಕೆ ಕೈ.

ಹಾವು ಮನೆಯೊಳಗೆ ಬಂದರೆ

ಮಕ್ಕಳನ್ನೂ ನಾಯಿಯನ್ನೂ ದೂರ ಕಳಿಸಿ. ಹಾವಿರುವ ಕೋಣೆಯ ಒಳಬಾಗಿಲು ಹಾಕಿ, ಅದರ ಕೆಳಸಂದಿಗೆ ಬಟ್ಟೆ ತುರುಕಿ. ಹೊರಗಿನ ಬಾಗಿಲು ತೆರೆದಿರಲಿ, ಎಷ್ಟೋ ಸಲ ತಾನಾಗಿ ಹೋಗುತ್ತದೆ. ಒಬ್ಬರು ದೂರದಲ್ಲಿ ನಿಂತು ಅದು ಎಲ್ಲಿದೆ ಅಂತ ಕಣ್ಣಿಟ್ಟಿರಲಿ. 1926ಕ್ಕೆ ಅಥವಾ ಊರಿನ ಹಾವು ಹಿಡಿಯುವವರಿಗೆ ಫೋನ್ ಮಾಡಿ. ಬಡಿಯಲು ಹೋದವರು, ಹತ್ತಿರ ಹೋಗಿ ವಿಡಿಯೋ ಮಾಡಿದವರು ಕಡಿಸಿಕೊಂಡದ್ದುಂಟು. ಹಾವು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ನಾಗರಪಂಚಮಿಗೆ ಕಲ್ಲಿಗೆ ಹಾಲೆರೆದು, ಅಂಗಳಕ್ಕೆ ಬಂದ ಕೇರೆಹಾವನ್ನು ಬಡಿದು ಹಾಕುವುದು ನಮ್ಮಲ್ಲಿ ಮಾಮೂಲಿ. ಕೇರೆಹಾವಿಗೆ ವಿಷವಿಲ್ಲ, ತೋಟದ ಇಲಿ ತಿಂದು ಉಪಕಾರವನ್ನೇ ಮಾಡುತ್ತದೆ.

ಕಡಿದರೆ: ಒಂದಾದ ಮೇಲೊಂದು

1. ಹಾವಿನಿಂದ ದೂರ ಸರಿಯಿರಿ. ಹಿಡಿಯಲು, ಕೊಲ್ಲಲು, ಹುಡುಕಲು ಹೋಗಬೇಡಿ. ಸತ್ತ ಹಾವಿನ ತಲೆಯೂ ಕಡಿಯಬಲ್ಲದು. ದೂರದಿಂದ ಫೋಟೋ ಸಿಕ್ಕರೆ ಸಿಗಲಿ, ಇಲ್ಲದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನಾಲ್ಕು ಹಾವಿಗೂ ಔಷಧಿ ಒಂದೇ.

2. ಗಂಟೆ ಎಷ್ಟು ಅಂತ ನೋಡಿ. ಕಡಿದ ಸಮಯವನ್ನು ಕೈ ಮೇಲೆ ಪೆನ್ನಿನಲ್ಲಿ ಬರೆದುಬಿಡಿ.

3. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅಂತ ಗೊತ್ತಾದರೆ ಕಾಯಬೇಡಿ, ಸಿಕ್ಕ ಗಾಡಿಯಲ್ಲಿ ಹೊರಟು ದಾರಿಯಲ್ಲಿ ಆಂಬುಲೆನ್ಸಿಗೆ ಎದುರಾಗಿ.

4. ಕಡಿಸಿಕೊಂಡವರನ್ನು ಮಲಗಿಸಿ. ನಡೆಸಬೇಡಿ, ಓಡಲು ಬಿಡಬೇಡಿ. ಕೈಕಾಲು ಆಡಿಸಿದಷ್ಟೂ ವಿಷ ಬೇಗ ಹರಡುತ್ತದೆ. ‘ಔಷಧಿ ಇದೆ, ಹೋಗ್ತಾ ಇದ್ದೀವಿ’ ಅಂತ ಧೈರ್ಯ ಹೇಳುವವರೊಬ್ಬರು ಪಕ್ಕದಲ್ಲಿರಲಿ. ಸುತ್ತ ನಿಂತು ಗೋಳಾಡುವವರನ್ನು ಆಚೆ ಕಳಿಸಿ.

5. ಉಂಗುರ, ಬಳೆ, ಗಡಿಯಾರ, ಕಾಲುಂಗುರ, ಗೆಜ್ಜೆ, ಉಡುದಾರ ತೆಗೆಯಿರಿ. ಬಾವು ಏರಿದ ಮೇಲೆ ಇವು ಬರುವುದಿಲ್ಲ. ‘ಕಾಲುಂಗುರ ತೆಗೆಯಬಾರದು’ ಅನ್ನುವ ಅಜ್ಜಿಗೆ ಆಮೇಲೆ ಸಮಾಧಾನ ಹೇಳಿದರಾಯಿತು.

6. ಮೂಳೆ ಮುರಿದಾಗ ಕಟ್ಟುವ ಹಾಗೆ, ಕಡಿದ ಕೈಗೋ ಕಾಲಿಗೋ ಪಟ್ಟಿ ಅಥವಾ ಕೋಲು ಇಟ್ಟು ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಅಲ್ಲಾಡದಿದ್ದರೆ ಸಾಕು, ರಕ್ತ ನಿಲ್ಲಬಾರದು. ಬೆರಳು ಒಳಗೆ ತೂರುವಷ್ಟು ಸಡಿಲ ಇರಲಿ.

7. ಬಾವು ಎಲ್ಲಿಯವರೆಗೆ ಬಂದಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಡಾಕ್ಟರಿಗೆ ಇದು ತುಂಬಾ ಸಹಾಯ.

8. ದಾರಿಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿ ‘ಹಾವು ಕಡಿದಿದೆ, ಬರ್ತಾ ಇದ್ದೀವಿ’ ಅಂತ ತಿಳಿಸಿ. ವಾಂತಿ ಬಂದರೆ ಮಗ್ಗುಲಾಗಿ ಮಲಗಿಸಿ. ಕಣ್ಣು ಮುಚ್ಚಿಕೊಳ್ಳುತ್ತಿದೆಯಾ, ಎಂಜಲು ನುಂಗಲು ಕಷ್ಟವಾ, ವಸಡಿನಲ್ಲಿ ರಕ್ತ ಬರುತ್ತಿದೆಯಾ, ಮೂತ್ರ ಕೆಂಪಗಿದೆಯಾ ಅಂತ ಗಮನಿಸುತ್ತಿರಿ.

ಬೈಕ್ ಬಿಟ್ಟು ಬೇರೇನೂ ಇಲ್ಲ ಅಂದರೆ ಬೈಕೇ ಸರಿ. ಕಡಿಸಿಕೊಂಡವರನ್ನು ಮಧ್ಯೆ ಕೂರಿಸಿ, ಹಿಂದೆ ಒಬ್ಬರು ತಬ್ಬಿ ಹಿಡಿದಿರಲಿ. ಕೈಯಾಗಲಿ ಕಾಲಾಗಲಿ ಜೋಲಾಡದಂತೆ ನೋಡಿಕೊಳ್ಳಿ.

ಒಬ್ಬರೇ ಇರುವಾಗ ಕಡಿದರೆ ಮೊದಲು ಕೂಗಿ, ಫೋನ್ ಮಾಡಿ, ಕುಳಿತುಕೊಳ್ಳಿ. ಯಾರೂ ಸಿಗುವ ಹಾಗಿಲ್ಲ ಅನ್ನಿಸಿದರೆ ಮಾತ್ರ ನಿಧಾನವಾಗಿ ರಸ್ತೆ ಕಡೆ ನಡೆಯಿರಿ.

ಮಾಡಲೇಬಾರದ್ದು

ಹಗ್ಗ, ಟವೆಲ್, ತಂತಿಯಿಂದ ಬಿಗಿಯಾಗಿ ಕಟ್ಟಬೇಡಿ. ವಿಷ ಅಲ್ಲೇ ನಿಂತು ಆ ಭಾಗ ಕೊಳೆಯುತ್ತದೆ, ಕಾಲೇ ಕತ್ತರಿಸಬೇಕಾಗಿ ಬರಬಹುದು. ಯಾರಾದರೂ ಆಗಲೇ ಬಿಗಿದು ಕಟ್ಟಿದ್ದರೆ ದಾರಿಯಲ್ಲಿ ಪಟ್ಟನೆ ಬಿಚ್ಚಬೇಡಿ. ತಡೆದ ವಿಷ ಒಮ್ಮೆಗೇ ನುಗ್ಗುತ್ತದೆ. ಡಾಕ್ಟರ ಎದುರು ಬಿಚ್ಚಲಿ. ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು, ಐಸ್, ಸುಣ್ಣ, ಅರಿಶಿನ, ಹಾವಿನ ಕಲ್ಲು, ಕರೆಂಟ್ ಕೊಡುವುದು ಯಾವುದೂ ಬೇಡ. ಮಂಡಲ ಕಡಿದವರ ರಕ್ತ ಹೆಪ್ಪುಗಟ್ಟುವುದಿಲ್ಲ, ಅಂಥವರಿಗೆ ಕೊಯ್ದರೆ ನಿಲ್ಲಿಸುವುದು ಹೇಗೆ? ಸಾರಾಯಿ, ಕಾಫಿ, ಕಷಾಯ ಕುಡಿಸಬೇಡಿ.

ಮಂತ್ರ ಹಾಕಿಸಿ ಉಳಿದವರು ನಮ್ಮೂರಲ್ಲೇ ಇದ್ದಾರೆ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಸುತ್ತ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಡಿಯುತ್ತದೆ. ಅಂಥವರು ಮಂತ್ರ ಹಾಕಿಸದಿದ್ದರೂ ಉಳಿಯುತ್ತಿದ್ದರು. ಮನೆಯ ಹಿರಿಯರು ಹಟ ಹಿಡಿದರೆ ಜಗಳಕ್ಕೆ ನಿಲ್ಲಬೇಡಿ, ಸಮಯ ಅಲ್ಲೇ ಹೋಗುತ್ತದೆ. ‘ನೀವು ಇಲ್ಲಿ ದೇವರಿಗೆ ಕಾಯಿ ಇಡಿ, ನಾವು ಆಸ್ಪತ್ರೆಗೆ ಹೋಗ್ತೀವಿ’ ಅನ್ನಿ. ಎರಡೂ ಕೆಲಸ ಒಟ್ಟಿಗೇ ಆಗುತ್ತದೆ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಹೋದ ತಕ್ಷಣ ಚುಚ್ಚುಮದ್ದು ಕೊಡಲಿಲ್ಲ ಅಂತ ಗಲಾಟೆ ಮಾಡುವುದನ್ನು ನೋಡಿದ್ದೇನೆ. ವಿಷ ಏರಿದ ಲಕ್ಷಣ ಇದ್ದರೆ ಮಾತ್ರ ಎಎಸ್‌ವಿ ಕೊಡುತ್ತಾರೆ. ಅದು ಕುದುರೆಯ ರಕ್ತದಿಂದ ತೆಗೆದದ್ದು, ಕೆಲವರಿಗೆ ಜೋರು ಅಲರ್ಜಿ ಆಗಬಹುದು. ಸುಮ್ನೆ ಕೊಡುವಂಥದ್ದಲ್ಲ. ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಅಂತ ಅರ್ಥ. ಹೆಪ್ಪುಗಟ್ಟಿದರೂ ಮನೆಗೆ ಕಳಿಸುವುದಿಲ್ಲ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. 24 ಗಂಟೆಯಾದರೂ ಉಳಿಸಿಕೊಳ್ಳುತ್ತಾರೆ. ‘ಏನೂ ಆಗಿಲ್ಲ’ ಅಂತ ಸಹಿ ಹಾಕಿ ಕರೆದುಕೊಂಡು ಬರಬೇಡಿ. ಕಟ್ಟುಹಾವಿನ ವಿಷ ಗಂಟೆಗಟ್ಟಲೆ ತಡವಾಗಿ ತೋರುವುದುಂಟು.

ವೆಂಟಿಲೇಟರ್ ಹಾಕಿದರು ಅಂದರೆ ಆಸೆ ಬಿಟ್ಟ ಹಾಗಲ್ಲ. ನಾಗರ, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಕೆಲವು ದಿನ ಯಂತ್ರ ಉಸಿರಾಡಿಸಿದರೆ ಮನುಷ್ಯ ಎದ್ದು ನಡೆದು ಮನೆಗೆ ಬರುತ್ತಾನೆ. ಕಣ್ಣು ತೆರೆಯಲು ಆಗದವರಿಗೂ ನಿಮ್ಮ ಮಾತು ಕೇಳಿಸುತ್ತಿರಬಹುದು. ಅವರೆದುರು ಆಸ್ತಿ, ಸಾವಿನ ಮಾತು ಆಡಬೇಡಿ.

ಸಣ್ಣ ಆಸ್ಪತ್ರೆಯಿಂದ ದೊಡ್ಡದಕ್ಕೆ ಕಳಿಸುವಾಗ ‘ಮೊದಲ ಸುತ್ತಿನ ಎಎಸ್‌ವಿ ಇಲ್ಲೇ ಕೊಟ್ಟು ಕಳಿಸಬಹುದಾ?’ ಅಂತ ಕೇಳಿ. ಎಷ್ಟು ಬಾಟಲಿ ಕೊಟ್ಟರು, ಯಾವ ಹೊತ್ತಿಗೆ ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಮನೆಗೆ ಬಂದ ಮೇಲೆ

ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬಂದರೆ ಅದು ಎಎಸ್‌ವಿಯ ತಡವಾದ ಅಲರ್ಜಿ ಇರಬಹುದು. ಮೂತ್ರ ಕಮ್ಮಿಯಾದರೆ, ಮುಖ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಲ ಕಡಿದವರ ಕಿಡ್ನಿ ಬಗ್ಗೆ ಉದಾಸೀನ ಬೇಡ. ಗಾಯದ ಸುತ್ತ ಚರ್ಮ ಕಪ್ಪಾದರೂ ತೋರಿಸಿ.

ಡಿಸ್ಚಾರ್ಜ್ ಚೀಟಿಯನ್ನು ಪಡಿತರ ಚೀಟಿ, ಆಧಾರ್ ಇಡುವ ಜಾಗದಲ್ಲೇ ಇಡಿ. ಎಎಸ್‌ವಿಗೆ ಅಲರ್ಜಿ ಆಗಿತ್ತಾ ಅನ್ನುವುದು ಅದರಲ್ಲಿ ಬರೆದಿರಬೇಕು, ಮುಂದೆ ಯಾವ ಡಾಕ್ಟರಾದರೂ ಮೊದಲು ಕೇಳುವುದು ಅದನ್ನೇ. ಒಮ್ಮೆ ಕಡಿಸಿಕೊಂಡವರ ಮೈಗೆ ಹಾವಿನ ವಿಷ ತಾಗುವುದಿಲ್ಲ ಅನ್ನುವ ಮಾತು ನಂಬಬೇಡಿ. ಎರಡನೇ ಸಲ ಕಡಿದರೂ ಅದೇ 108, ಅದೇ ಆಸ್ಪತ್ರೆ, ಅದೇ ಹತ್ತು ಬಾಟಲಿ.